ಚಿಕಿತ್ಸೆಯೋ, ಪ್ರಯೋಗವೋ? ಕ್ಯಾನ್ಸರ್ ರೋಗಿಗೆ ವೈದ್ಯರು ಹೇಳಬೇಕಾದ ಮಾತು

ಹೊಸೂರು ರಸ್ತೆಯಲ್ಲಿ ಎಲೆಕ್ಟ್ರಾನಿಕ್ ಸಿಟಿಯನ್ನು ದಾಟಿ ಮುಂದೆ ಸಾಗುವವರಿಗೆ ಐ.ಟಿ. ಕಂಪನಿಗಳ ಗಾಜಿನ ಕಟ್ಟಡಗಳು ಮುಗಿಯುತ್ತಿದ್ದಂತೆ ಬೇರೊಂದು ಲೋಕ ಎದುರಾಗುತ್ತದೆ. ಹೆಬ್ಬಗೋಡಿಯಲ್ಲಿ ಬಯೋಕಾನ್, ಬೊಮ್ಮಸಂದ್ರದಲ್ಲಿ ನಾರಾಯಣ ಹೆಲ್ತ್ ಸಿಟಿ, ಅದರ ಆವರಣದಲ್ಲಿ 2009ರಲ್ಲಿ ಆರಂಭವಾದ ಮಜುಂದಾರ್ ಷಾ ಕ್ಯಾನ್ಸರ್ ಕೇಂದ್ರ. 2025ರ ಆಗಸ್ಟ್‌ನಲ್ಲಿ ಸಂಚಾರ ಆರಂಭಿಸಿದ ಮೆಟ್ರೊ ಹಳದಿ ಮಾರ್ಗದಲ್ಲಿ ಬಯೋಕಾನ್ ಹೆಸರು ಹೊತ್ತ ಹೆಬ್ಬಗೋಡಿ ನಿಲ್ದಾಣದ ನಂತರ ಬರುವುದೇ ಬೊಮ್ಮಸಂದ್ರ. ಔಷಧವನ್ನು ರೂಪಿಸುವ ಪ್ರಯೋಗಾಲಯ ಮತ್ತು ರೋಗಿ ಮಲಗಿರುವ ಹಾಸಿಗೆ ಇಷ್ಟು ಹತ್ತಿರವಿರುವ ಪ್ರದೇಶಗಳು ದೇಶದಲ್ಲಿ ಹೆಚ್ಚಿಲ್ಲ. ಹೀಗಾಗಿ ‘ಕ್ಲಿನಿಕಲ್ ಟ್ರಯಲ್’ ಎಂಬ ಮಾತು ಇಲ್ಲಿನ ಆಸ್ಪತ್ರೆಗಳ ಹೊರರೋಗಿ ವಿಭಾಗಕ್ಕೆ ಹೊಸದಲ್ಲ.

ಪ್ರಯೋಗಕ್ಕೆ ರೋಗಿಯನ್ನು ಸೇರಿಸಿಕೊಳ್ಳುವ ಮುನ್ನ ವೈದ್ಯರು ವಿವರಿಸಬೇಕು, ರೋಗಿ ಅರ್ಥ ಮಾಡಿಕೊಂಡು ಸಮ್ಮತಿ ಪತ್ರಕ್ಕೆ ಸಹಿ ಹಾಕಬೇಕು. ಇದು ಕಾನೂನು. ಸಹಿ ಬೀಳುವುದು ಕಷ್ಟವೇನಲ್ಲ. ಆದರೆ ಅದಕ್ಕೆ ಮೊದಲಿನ ಮಾತುಕತೆಯಲ್ಲಿ ಒಂದು ವಿಷಯ ಸ್ಪಷ್ಟವಾಗದಿದ್ದರೆ ಪತ್ರದ ಉಳಿದ ಪುಟಗಳಿಂದ ಹೆಚ್ಚಿನ ಪ್ರಯೋಜನವಿಲ್ಲ. ತನಗೆ ಕೊಡುತ್ತಿರುವುದು ಚಿಕಿತ್ಸೆಯೋ, ಅಥವಾ ಚಿಕಿತ್ಸೆಯಾಗಬಲ್ಲುದೇ ಎಂದು ಪರೀಕ್ಷೆಗೆ ಒಳಗಾಗಿರುವ ವಸ್ತುವೋ ಎಂಬುದೇ ಆ ವಿಷಯ.

ಒಬ್ಬರೇ ವೈದ್ಯರು, ಎರಡು ಕೆಲಸ

ಸಾಮಾನ್ಯ ಚಿಕಿತ್ಸೆಯಲ್ಲಿ ವೈದ್ಯರಿಗೆ ಎದುರಿಗಿರುವ ರೋಗಿಯ ಹಿತವೊಂದೇ ಗುರಿ. ಔಷಧದ ಪ್ರಮಾಣ ಹೆಚ್ಚಿಸಬಹುದು, ತಗ್ಗಿಸಬಹುದು, ಬದಲಿಸಬಹುದು. ಪ್ರಯೋಗದಲ್ಲಿ ಹಾಗಲ್ಲ. ಅಲ್ಲಿ ಮೊದಲೇ ಬರೆದಿಟ್ಟ ಕಾರ್ಯವಿಧಾನವಿರುತ್ತದೆ. ಎಷ್ಟು ಔಷಧ, ಎಷ್ಟು ದಿನಕ್ಕೊಮ್ಮೆ, ಯಾವ ದಿನ ರಕ್ತಪರೀಕ್ಷೆ, ಯಾವಾಗ ಸ್ಕ್ಯಾನ್ ಎಂಬುದೆಲ್ಲ ನಿಗದಿಯಾಗಿರುತ್ತದೆ. ಮುಂದಿನ ರೋಗಿಗಳಿಗೆ ಉಪಯೋಗವಾಗುವ ಉತ್ತರವನ್ನು ಪಡೆಯುವುದು ಅದರ ಮೂಲ ಉದ್ದೇಶ. ಈಗಿನ ರೋಗಿಗೆ ಅದರಿಂದ ಒಳಿತಾಗಬಹುದು, ಆಗದೆಯೂ ಇರಬಹುದು.

ತೊಡಕು ಇರುವುದು ಎರಡೂ ಕೆಲಸವನ್ನು ಬಹುತೇಕ ಒಬ್ಬರೇ ವೈದ್ಯರು ಮಾಡುವುದರಲ್ಲಿ. ನಾಲ್ಕು ತಿಂಗಳು ಕೀಮೋ ಕೊಟ್ಟ, ಹೆಸರು ಹಿಡಿದು ಕರೆಯುವ, ರಾತ್ರಿ ಜ್ವರ ಬಂದರೆ ದೂರವಾಣಿಗೆ ಸಿಗುವ ವೈದ್ಯರೇ ಒಂದು ದಿನ ಸಂಶೋಧಕರಾಗಿ ಎದುರು ಕೂರುತ್ತಾರೆ. ರೋಗಿಗೆ ಈ ಬದಲಾವಣೆ ಕಾಣುವುದಿಲ್ಲ. ಆತನ ಉತ್ತರ ಸಿದ್ಧವಾಗಿರುತ್ತದೆ: ‘ನೀವು ಹೇಳಿದ ಹಾಗೆ ಡಾಕ್ಟ್ರೇ.’ ವಿಶ್ವಾಸದಿಂದ ಬಂದ ಈ ಮಾತನ್ನು ಸಮ್ಮತಿ ಎಂದು ಬರೆದುಕೊಂಡು ಮುಂದಿನ ರೋಗಿಯನ್ನು ಕರೆಯುವುದು ಸುಲಭ. ಆದರೆ ಅದು ಸಮ್ಮತಿಯಲ್ಲ, ನಂಬಿಕೆ ಮಾತ್ರ.

ಪ್ರಯೋಗವನ್ನೇ ತನಗಾಗಿ ಆಯ್ದ ಚಿಕಿತ್ಸೆ ಎಂದು ರೋಗಿ ಭಾವಿಸುವ ಈ ಸ್ಥಿತಿಯನ್ನು ಅಮೆರಿಕದ ಮನೋವೈದ್ಯ ಪಾಲ್ ಆಪಲ್‌ಬಾಮ್ ಮತ್ತು ಸಂಗಡಿಗರು 1982ರಲ್ಲೇ ಗುರುತಿಸಿ ಹೆಸರಿಟ್ಟರು. ಕನ್ನಡದಲ್ಲಿ ‘ಚಿಕಿತ್ಸೆಯ ತಪ್ಪುಗ್ರಹಿಕೆ’ ಎನ್ನಬಹುದು. ಇದು ಅಕ್ಷರ ಬಾರದವರ ಸಮಸ್ಯೆ ಎಂದು ಯಾರಾದರೂ ಭಾವಿಸಿದರೆ ಅದು ಸರಿಯಲ್ಲ. 2001ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟವಾದ ಬಾಸ್ಟನ್ ನಗರದ ಅಧ್ಯಯನವೊಂದರಲ್ಲಿ ಕ್ಯಾನ್ಸರ್ ಪ್ರಯೋಗಗಳಿಗೆ ಸೇರಿದ್ದ 207 ಮಂದಿಯನ್ನು ಪ್ರಶ್ನಿಸಲಾಯಿತು. ಶೇ. 90ರಷ್ಟು ಜನ ಸಮ್ಮತಿಯ ಪ್ರಕ್ರಿಯೆ ತೃಪ್ತಿಕರವಾಗಿತ್ತೆಂದರು. ಅದೇ ಜನರಲ್ಲಿ ಶೇ. 74ರಷ್ಟು ಮಂದಿಗೆ ತಾವು ಪಡೆಯುತ್ತಿರುವುದು ರೂಢಿಯ ಚಿಕಿತ್ಸೆಯಲ್ಲ ಎಂಬುದು, ಶೇ. 70ರಷ್ಟು ಮಂದಿಗೆ ಅದರ ಫಲ ಇನ್ನೂ ಸಾಬೀತಾಗಿಲ್ಲ ಎಂಬುದು ಮನದಟ್ಟಾಗಿರಲಿಲ್ಲ. ಓದಿದವರೇ ಹೆಚ್ಚಿರುವ, ವಕೀಲರಿಗೆ ಹೆದರುವ ಆಸ್ಪತ್ರೆಗಳ ಊರಿನ ಕಥೆ ಇದು.

‘ಟ್ರೈ’ ಮತ್ತು ‘ಟ್ರಯಲ್’

ನಮ್ಮಲ್ಲಿ ಭಾಷೆಯ ಸಮಸ್ಯೆ ಇದರ ಜತೆಗೆ ಸೇರಿಕೊಳ್ಳುತ್ತದೆ. ‘ಈ ಮಾತ್ರೆ ಒಂದು ವಾರ ಟ್ರೈ ಮಾಡೋಣ’ ಎಂದು ಕ್ಲಿನಿಕ್‌ನ ವೈದ್ಯರು ದಿನನಿತ್ಯ ಹೇಳುತ್ತಾರೆ. ಅದೇ ಕಿವಿಗೆ ‘ಟ್ರಯಲ್’ ಎಂಬ ಪದವೂ ಬಿದ್ದಾಗ ವ್ಯತ್ಯಾಸ ತಿಳಿಯುವುದು ಹೇಗೆ? ಅಚ್ಚಗನ್ನಡದವರ ಬಾಯಲ್ಲೂ ‘ಪ್ರಯೋಗ’ ಎಂದರೆ ಬಳಕೆ ಎಂಬ ಅರ್ಥವೂ ಇದೆ, ನಾಟಕದ ಪ್ರದರ್ಶನವೂ ಪ್ರಯೋಗವೇ. ಇನ್ನು ಕೆಲವರಿಗೆ ಆ ಪದ ಕೇಳಿದೊಡನೆ ಇಲಿ, ಮೊಲ ನೆನಪಾಗಿ ಎದ್ದು ಹೋಗುವಂತಾಗುತ್ತದೆ. ಈ ಭಯವನ್ನು ತಪ್ಪಿಸಲು ‘ಹೊಸ ಇಂಜೆಕ್ಷನ್ ಬಂದಿದೆ, ಉಚಿತವಾಗಿ ಸಿಗುತ್ತದೆ’ ಎಂದು ಮೃದುವಾಗಿ ಹೇಳಿಬಿಡುವ ಪ್ರಲೋಭನೆ ವೈದ್ಯರಿಗೂ ಸಿಬ್ಬಂದಿಗೂ ಇರುತ್ತದೆ. ಆ ವಾಕ್ಯದಲ್ಲಿ ಸುಳ್ಳಿಲ್ಲ. ಆದರೆ ಹೇಳಬೇಕಾದದ್ದು ಅದರಲ್ಲಿಲ್ಲ.

ಹೇಳಬೇಕಾದದ್ದನ್ನು ಸರಳ ಕನ್ನಡದಲ್ಲಿ ಎರಡೇ ಮಾತಿನಲ್ಲಿ ಹೇಳಬಹುದು. ‘ಅಮ್ಮಾ, ಇದು ಕೆಲಸ ಮಾಡುತ್ತದೋ ಇಲ್ಲವೋ ನಮಗೂ ಗೊತ್ತಿಲ್ಲ. ಗೊತ್ತು ಮಾಡಿಕೊಳ್ಳುವುದಕ್ಕೇ ಇದನ್ನು ಮಾಡುತ್ತಿದ್ದೇವೆ.’ ಆಮೇಲೆ ‘ನಾನು ಹೇಳಿದ್ದರಲ್ಲಿ ನಿಮಗೆ ಏನು ಅರ್ಥವಾಯಿತು, ನಿಮ್ಮ ಮಾತಿನಲ್ಲಿ ಹೇಳಿ’ ಎಂದು ಕೇಳಿ ಸುಮ್ಮನೆ ಕಾಯುವುದು. ‘ಅರ್ಥವಾಯಿತೇ?’ ಎಂದು ಕೇಳಿದರೆ ನಮ್ಮವರು ಅರ್ಥವಾಗದಿದ್ದರೂ ತಲೆಯಾಡಿಸುತ್ತಾರೆ, ಅದು ಮರ್ಯಾದೆಯ ಪ್ರಶ್ನೆ.

ಬೊಮ್ಮಸಂದ್ರ, ಜಿಗಣಿ, ಅತ್ತಿಬೆಲೆಗಳ ಕಾರ್ಖಾನೆ ಪ್ರದೇಶದಲ್ಲಿ ಕನ್ನಡವೊಂದೇ ಸಾಲದು. ಅತ್ತಿಬೆಲೆ ದಾಟಿದರೆ ತಮಿಳುನಾಡು. ಆಂಧ್ರದವರು, ಬಿಹಾರ, ಒಡಿಶಾಗಳ ಕಾರ್ಮಿಕರು ಇಲ್ಲಿದ್ದಾರೆ. ಬಂಗಾಳದಿಂದ ಚಿಕಿತ್ಸೆಗೆಂದೇ ಬರುವವರೂ ಬಹಳ. ಸಮ್ಮತಿ ಪತ್ರವು ರೋಗಿಗೆ ತಿಳಿಯುವ ಭಾಷೆಯಲ್ಲಿ, ತಾಂತ್ರಿಕ ಪದಗಳ ಹೊರೆಯಿಲ್ಲದೆ ಇರಬೇಕು ಎನ್ನುತ್ತದೆ ನಿಯಮ. ಇಂಗ್ಲಿಷಿನಿಂದ ಪದಕ್ಕೆ ಪದ ಇಟ್ಟು ಅನುವಾದಿಸಿದ ಪತ್ರ ನಿಯಮವನ್ನು ಪಾಲಿಸಿದಂತೆ ಕಂಡರೂ ಓದುವವನಿಗೆ ದಕ್ಕುವುದಿಲ್ಲ. ರೇಡಿಯೇಷನ್‌ಗೆ ಹಳ್ಳಿಯವರು ‘ಕರೆಂಟ್ ಕೊಡಿಸುವುದು’ ಎನ್ನುತ್ತಾರೆ, ‘ವಿಕಿರಣ ಚಿಕಿತ್ಸೆ’ ಎಂಬ ಅಚ್ಚಿನ ಪದ ಅವರನ್ನು ತಲುಪುವುದು ಸಂದೇಹ. ಓದಲು ಬಾರದವರಿಗೆ ವಿವರಿಸುವಾಗ ಪ್ರಯೋಗಕ್ಕೆ ಸಂಬಂಧವಿಲ್ಲದ ನಿಷ್ಪಕ್ಷಪಾತ ಸಾಕ್ಷಿಯೊಬ್ಬರು ಆರಂಭದಿಂದ ಕೊನೆಯವರೆಗೆ ಹಾಜರಿರಬೇಕು. ಸಹಿಯ ಹೊತ್ತಿಗೆ ಮಾತ್ರ ಕರೆತಂದವರು ಸಾಕ್ಷಿಯಾಗುವುದಿಲ್ಲ.

ಚೀಟಿ ಎತ್ತುವ ವಿಚಾರ

ಅತ್ಯಂತ ಕಷ್ಟದ ಭಾಗ ಇದು. ಹೊಸ ಔಷಧ ಹಳೆಯದಕ್ಕಿಂತ ಮೇಲೋ ಎಂದು ತಿಳಿಯಲು ರೋಗಿಗಳನ್ನು ಗುಂಪುಗಳಾಗಿ ವಿಂಗಡಿಸಲಾಗುತ್ತದೆ. ಯಾರು ಯಾವ ಗುಂಪಿಗೆ ಎಂಬುದನ್ನು ವೈದ್ಯರು ನಿರ್ಧರಿಸುವಂತಿಲ್ಲ, ರೋಗಿಯೂ ಕೇಳುವಂತಿಲ್ಲ. ಕಂಪ್ಯೂಟರ್ ಚೀಟಿ ಎತ್ತಿದಂತೆ ಹಂಚುತ್ತದೆ. ‘ನಿಮಗೆ ಯಾವುದು ಒಳ್ಳೆಯದೆಂದು ನಾನು ಹೇಳಲಾರೆ’ ಎಂದು ವೈದ್ಯರ ಬಾಯಿಂದ ಕೇಳುವುದು, ಅವರಲ್ಲೇ ದೇವರನ್ನು ಕಂಡ ಕುಟುಂಬಕ್ಕೆ ಆಘಾತದ ಸಂಗತಿ.

ಇಲ್ಲಿ ಹೆಬ್ಬಗೋಡಿಯದೇ ಉದಾಹರಣೆ ನೆರವಾಗುತ್ತದೆ. ಕ್ಯೂಬಾ ವಿಜ್ಞಾನಿಗಳು ರೂಪಿಸಿದ ನಿಮೊಟುಜುಮಾಬ್ ಎಂಬ ಔಷಧವನ್ನು ಬಯೋಕಾನ್ 2006ರಲ್ಲಿ ‘ಬಯೋಮ್ಯಾಬ್ ಇಜಿಎಫ್ಆರ್’ ಹೆಸರಿನಲ್ಲಿ ತಲೆ ಮತ್ತು ಕುತ್ತಿಗೆ ಭಾಗದ ಕ್ಯಾನ್ಸರಿಗೆ ಮಾರುಕಟ್ಟೆಗೆ ತಂದಿತು. ಗುಟ್ಕಾ, ತಂಬಾಕಿನ ದೆಸೆಯಿಂದ ಬಾಯಿ ಕ್ಯಾನ್ಸರ್ ಹೆಚ್ಚಿರುವ ನಮ್ಮ ದೇಶಕ್ಕೆ ಅದು ದೊಡ್ಡ ಸುದ್ದಿಯಾಗಿತ್ತು. ಅದರ ಭಾರತೀಯ ಪ್ರಯೋಗದಲ್ಲಿ 92 ರೋಗಿಗಳನ್ನು ನಾಲ್ಕು ಗುಂಪುಗಳಿಗೆ ಹಂಚಲಾಗಿತ್ತು: ಕೇವಲ ರೇಡಿಯೇಷನ್, ರೇಡಿಯೇಷನ್ ಜತೆ ಹೊಸ ಔಷಧ, ರೇಡಿಯೇಷನ್ ಮತ್ತು ಕೀಮೋ, ಇವೆರಡರ ಜತೆ ಹೊಸ ಔಷಧ. ಚೀಟಿ ಯಾವುದೇ ಬಂದರೂ ರೇಡಿಯೇಷನ್ ಎಲ್ಲರಿಗೂ ಸಿಗುತ್ತಿತ್ತು ಎಂಬುದನ್ನು ಗಮನಿಸಬೇಕು. ಆದರೆ ಕೀಮೋ ಸಿಗುವುದೋ ಇಲ್ಲವೋ ಎಂಬುದು ಗುಂಪನ್ನು ಅವಲಂಬಿಸಿತ್ತು ಎಂಬುದನ್ನೂ ಗಮನಿಸಬೇಕು. ‘ಬರೀ ನೀರು ಚುಚ್ಚಿ ಕಳುಹಿಸುತ್ತಾರೆ’ ಎಂಬ ಊರಿನ ಮಾತಿಗೆ ಮೊದಲನೆಯದು ಉತ್ತರ. ಎರಡನೆಯದು ರೋಗಿ ಕೇಳಬೇಕಾದ ಪ್ರಶ್ನೆ: ‘ಪ್ರಯೋಗಕ್ಕೆ ಸೇರದಿದ್ದರೆ ನನಗೆ ಏನು ಕೊಡುತ್ತಿದ್ದಿರಿ?’

ಎಲ್ಲ ಪ್ರಯೋಗಗಳೂ ಒಂದೇ ಬಗೆಯವಲ್ಲ. ಸ್ತನ ಕ್ಯಾನ್ಸರಿನ ಟ್ರಾಸ್ಟುಜುಮಾಬ್ ಔಷಧಕ್ಕೆ ಬಯೋಕಾನ್ ಮತ್ತು ಮೈಲಾನ್ ಸೇರಿ ರೂಪಿಸಿದ ಸಮಾನ ಔಷಧದ ಪ್ರಯೋಗದಲ್ಲಿ ಹೊಸದು ಹಳೆಯದರಷ್ಟೇ ಕೆಲಸ ಮಾಡುತ್ತದೆಯೇ ಎಂಬುದಷ್ಟೇ ಪ್ರಶ್ನೆಯಾಗಿತ್ತು. 24 ವಾರಗಳ ನಂತರ ಹೊಸದರಲ್ಲಿ ಶೇ. 69.6, ಮೂಲ ಔಷಧದಲ್ಲಿ ಶೇ. 64 ರೋಗಿಗಳ ಗಡ್ಡೆ ಕುಗ್ಗಿತ್ತು. 2017ರ ಡಿಸೆಂಬರ್‌ನಲ್ಲಿ ಅಮೆರಿಕ ಅದಕ್ಕೆ ಅನುಮತಿ ನೀಡಿತು. ಇಂಥ ಪ್ರಯೋಗದ ಅಪಾಯ ಕಡಿಮೆ. ಇದರ ಇನ್ನೊಂದು ತುದಿ ಮೊದಲ ಹಂತದ ಪ್ರಯೋಗ. ಮನುಷ್ಯನ ದೇಹ ಎಷ್ಟು ಪ್ರಮಾಣವನ್ನು ತಾಳಬಲ್ಲದು ಎಂದು ನೋಡುವುದೇ ಅಲ್ಲಿನ ಕೆಲಸ. ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯ ಆಶ್ರಯದಲ್ಲಿ 1991ರಿಂದ 2002ರವರೆಗೆ ನಡೆದ 460 ಮೊದಲ ಹಂತದ ಪ್ರಯೋಗಗಳನ್ನು ಒಟ್ಟಾಗಿ ಪರಿಶೀಲಿಸಿದಾಗ ಗಡ್ಡೆ ಗಮನಾರ್ಹವಾಗಿ ಕುಗ್ಗಿದ್ದು ಶೇ. 10.6ರಷ್ಟು ರೋಗಿಗಳಲ್ಲಿ. ಔಷಧದ ವಿಷದಿಂದಲೇ ಸತ್ತವರು ಶೇ. 0.49, ಅಂದರೆ ಇನ್ನೂರರಲ್ಲಿ ಒಬ್ಬರು. ಈಗಿನ ಔಷಧಗಳಲ್ಲಿ ಈ ಲೆಕ್ಕ ಬದಲಾಗಿರಬಹುದು. ಆದರೂ ಹತ್ತರಲ್ಲಿ ಒಬ್ಬರು, ಇನ್ನೂರರಲ್ಲಿ ಒಬ್ಬರು ಎಂದು ಬೆರಳೆಣಿಸಿ ಹೇಳಬಹುದಾದದ್ದನ್ನು ‘ಸ್ವಲ್ಪ ಅಪಾಯ ಇದೆ’ ಎಂದು ಮುಗಿಸುವುದು ನ್ಯಾಯವಲ್ಲ.

‘ಅಪ್ಪನಿಗೆ ಹೇಳಬೇಡಿ’

ಇವೆಲ್ಲಕ್ಕೂ ಮೊದಲು ಒಂದು ಅಡ್ಡಿ ಇದೆ, ಅದು ನಮ್ಮ ಮನೆಗಳದ್ದು. ವರದಿ ಬಂದ ದಿನ ತಂದೆಯನ್ನು ಹೊರಗಿನ ಬೆಂಚಿನಲ್ಲಿ ಕೂರಿಸಿ ಮಗ ಅಥವಾ ಅಳಿಯ ಒಳಗೆ ಬಂದು ಕೈಮುಗಿಯುತ್ತಾನೆ: ‘ಕ್ಯಾನ್ಸರ್ ಅಂತ ಹೇಳಬೇಡಿ ಸಾರ್, ಗಡ್ಡೆ ಅಂತ ಹೇಳಿ. ಧೈರ್ಯ ಕಳಕೊಂಡುಬಿಡ್ತಾರೆ.’ ಪ್ರೀತಿಯಿಂದ ಬಂದ ಈ ಬೇಡಿಕೆಗೆ ಬಹಳಷ್ಟು ವೈದ್ಯರು ಒಪ್ಪಿಕೊಳ್ಳುತ್ತಾರೆ. ಕೀಮೋ ವಾರ್ಡಿನ ತಿಂಗಳುಗಳು ಹಾಗೆಯೇ ಕಳೆಯುತ್ತವೆ. ಬಹುಪಾಲು ರೋಗಿಗಳಿಗೆ ಒಳಗೊಳಗೇ ತಿಳಿದಿರುತ್ತದೆ, ಅವರೂ ಮಕ್ಕಳಿಗಾಗಿ ತಿಳಿಯದವರಂತೆ ಇರುತ್ತಾರೆ.

ಪ್ರಯೋಗದ ಮಾತು ಬಂದಾಗ ಈ ನಾಟಕ ನಡೆಯುವುದಿಲ್ಲ. ರೋಗಿಗೆ ಪ್ರಜ್ಞೆ ಮತ್ತು ವಿವೇಚನೆ ಇರುವವರೆಗೆ ಸಹಿ ಆತನದೇ ಆಗಬೇಕು. ಮಗನ ಸಹಿ ನಡೆಯದು, ಹೆಂಡತಿಯ ಪರವಾಗಿ ಗಂಡನ ಸಹಿಯೂ ನಡೆಯದು. ಕಾನೂನುಬದ್ಧ ಪ್ರತಿನಿಧಿಗೆ ಅವಕಾಶವಿರುವುದು ರೋಗಿ ತಾನೇ ಸಮ್ಮತಿ ನೀಡಲಾರದ ಸ್ಥಿತಿಯಲ್ಲಿ ಮಾತ್ರ. ಕಾಯಿಲೆಯ ಹೆಸರನ್ನೇ ಬಚ್ಚಿಟ್ಟು ಆ ಕಾಯಿಲೆಯ ಪ್ರಯೋಗಕ್ಕೆ ಸಮ್ಮತಿ ಪಡೆಯುವುದು ಅಸಾಧ್ಯ. ಅಂದರೆ ಆರು ತಿಂಗಳು ಮುಚ್ಚಿಟ್ಟದ್ದನ್ನು ಒಂದೇ ಮಧ್ಯಾಹ್ನ ಬಿಚ್ಚಬೇಕಾಗುತ್ತದೆ: ಇದು ಕ್ಯಾನ್ಸರ್, ಕೊಟ್ಟ ಔಷಧ ಕೆಲಸ ಮಾಡಿಲ್ಲ, ಇನ್ನು ಖಚಿತವಾದ ಮದ್ದು ಉಳಿದಿಲ್ಲ, ಹೀಗಾಗಿ ಈ ಪ್ರಯೋಗ. ನಾಲ್ಕು ಪೆಟ್ಟು ಒಟ್ಟಿಗೆ ಬಿದ್ದ ಮನುಷ್ಯ ಐದನೆಯ ವಾಕ್ಯವನ್ನು ಕೇಳಿಸಿಕೊಳ್ಳುತ್ತಾನೆಯೇ?

ಕೆಟ್ಟ ಸುದ್ದಿಯನ್ನು ಹೇಳಲು 2000ದಲ್ಲಿ ಪ್ರಕಟವಾದ ‘ಸ್ಪೈಕ್ಸ್’ ಎಂಬ ಆರು ಹಂತಗಳ ಕ್ರಮ ವೈದ್ಯಕೀಯ ಕಾಲೇಜುಗಳಲ್ಲಿ ಪರಿಚಿತ. ರೋಗಿಗೆ ಈಗಾಗಲೇ ಏನು ಗೊತ್ತಿದೆ, ಇನ್ನೆಷ್ಟು ತಿಳಿಯಬೇಕೆಂಬ ಇಚ್ಛೆಯಿದೆ ಎಂದು ಮೊದಲು ಕೇಳಿ, ಅನಂತರ ಹೇಳಬೇಕೆಂಬುದು ಅದರ ತಿರುಳು. ನಮ್ಮ ಮನೆಗಳಿಗೆ ಅದು ಹೊಂದುತ್ತದೆ, ಏಕೆಂದರೆ ‘ನನಗೆ ಎಲ್ಲ ಬೇಡ, ಮಗಳಿಗೆ ಹೇಳಿ’ ಎನ್ನುವ ಹಕ್ಕೂ ರೋಗಿಯದೇ. ಮಕ್ಕಳು ಆ ಹಕ್ಕನ್ನು ಮೊದಲೇ ಕಸಿದುಕೊಳ್ಳುವುದಕ್ಕೂ ಆತ ತಾನಾಗಿ ಒಪ್ಪಿಸುವುದಕ್ಕೂ ಅಂತರವಿದೆ. ಕೆಟ್ಟ ಸುದ್ದಿಯ ದಿನವೇ ಸಮ್ಮತಿ ಪತ್ರವನ್ನು ಮುಂದಿಡದೆ, ಪತ್ರವನ್ನು ಮನೆಗೆ ಕೊಟ್ಟು ಕಳುಹಿಸಿ, ಎರಡನೆಯ ಭೇಟಿಯಲ್ಲಿ ಮಾತನಾಡುವುದು ಉತ್ತಮ. ನೂರು ಜನ ಸಾಲಿನಲ್ಲಿರುವ ಹೊರರೋಗಿ ವಿಭಾಗದಲ್ಲಿ ಇದಕ್ಕೆ ವೇಳೆ ಎಲ್ಲಿದೆ ಎಂಬ ವೈದ್ಯರ ಪ್ರಶ್ನೆಯೂ ಸುಳ್ಳಲ್ಲ. ಬಹುತೇಕ ಕಡೆ ವಿವರಿಸುವ ಹೊಣೆ ಸಂಶೋಧನಾ ಸಂಯೋಜಕರ ಮೇಲೆ ಬೀಳುತ್ತದೆ.

ಬೊಮ್ಮಸಂದ್ರದ ಜೀವಕೋಶಗಳು

ಇತ್ತೀಚಿನ ಉದಾಹರಣೆ ಕಾರ್-ಟಿ ಚಿಕಿತ್ಸೆ. ರೋಗಿಯ ರಕ್ತದಿಂದ ಟಿ ಜೀವಕೋಶಗಳನ್ನು ಬೇರ್ಪಡಿಸಿ, ಕ್ಯಾನ್ಸರನ್ನು ಗುರುತಿಸುವಂತೆ ಪ್ರಯೋಗಾಲಯದಲ್ಲಿ ಮಾರ್ಪಡಿಸಿ, ಬೆಳೆಸಿ, ಮರಳಿ ಅದೇ ರೋಗಿಗೆ ಸೇರಿಸುವ ವಿಧಾನ ಇದು. ಕಿರಣ್ ಮಜುಂದಾರ್ ಷಾ, ‘ದಿ ಎಂಪರರ್ ಆಫ್ ಆಲ್ ಮ್ಯಾಲಡೀಸ್’ ಕೃತಿಯ ಲೇಖಕ ಡಾ. ಸಿದ್ಧಾರ್ಥ ಮುಖರ್ಜಿ ಮೊದಲಾದವರು ಸ್ಥಾಪಿಸಿದ ಇಮ್ಯುನೀಲ್ ಸಂಸ್ಥೆಯ ಘಟಕ ನಾರಾಯಣ ಹೆಲ್ತ್ ಸಿಟಿಯ ಆವರಣದಲ್ಲಿಯೇ ಇದೆ. ಬಾರ್ಸಿಲೋನಾದ ಆಸ್ಪತ್ರೆಯೊಂದು ರೂಪಿಸಿದ ಚಿಕಿತ್ಸೆಯನ್ನು ಪಡೆದು ‘ಇಮ್ಯಾಜಿನ್’ ಹೆಸರಿನ ಎರಡನೆಯ ಹಂತದ ಪ್ರಯೋಗ ನಡೆಸಿದ ಈ ಸಂಸ್ಥೆ, 2025ರ ಜನವರಿಯಲ್ಲಿ ಅದನ್ನು ‘ಕಾರ್ಟೆಮಿ’ ಎಂಬ ಹೆಸರಿನಲ್ಲಿ ಬಿಡುಗಡೆ ಮಾಡಿತು. ಬೇರೆ ಚಿಕಿತ್ಸೆಗಳಿಗೆ ಬಗ್ಗದ ಬಿ-ಕೋಶ ಲಿಂಫೋಮಾ ರೋಗಿಗಳಿಗೆ ಇದು ಮೀಸಲು.

ಇಂಥ ಪ್ರಯೋಗದ ಮಾತುಕತೆ ಎಷ್ಟು ಸೂಕ್ಷ್ಮವೆಂದು ಊಹಿಸಬಹುದು. ಬರುವ ರೋಗಿ ಎರಡು, ಮೂರು ಬಗೆಯ ಕೀಮೋ ಮುಗಿಸಿರುತ್ತಾನೆ. ‘ನಿಮ್ಮದೇ ರಕ್ತದ ಕಣಗಳು’ ಎಂದರೆ ಅಪಾಯವಿಲ್ಲವೆಂದು ಕೇಳಿಸುತ್ತದೆ. ಆದರೆ ಆ ಕಣಗಳೇ ತೀವ್ರ ಜ್ವರ, ರಕ್ತದೊತ್ತಡದ ಕುಸಿತ, ಗೊಂದಲ, ಮಾತು ತೊದಲುವಿಕೆ ತರಬಹುದು, ಕೆಲವರನ್ನು ತೀವ್ರ ನಿಗಾ ಘಟಕಕ್ಕೆ ಸೇರಿಸಬೇಕಾಗಬಹುದು. ಕೋಶಗಳು ಸಿದ್ಧವಾಗುವಷ್ಟರಲ್ಲಿ ಕಾಯಿಲೆಯೇ ಮುಂದೆ ಹೋಗಿಬಿಡಬಹುದು. ಇನ್ನೊಂದೆಡೆ, ಬಿಡುಗಡೆಯ ಕಾಲಕ್ಕೆ ಈ ಚಿಕಿತ್ಸೆಯ ವೆಚ್ಚ 35ರಿಂದ 50 ಲಕ್ಷ ರೂಪಾಯಿ ಎಂದು ವರದಿಯಾಗಿತ್ತು. ಇಷ್ಟು ಬೆಲೆಯ ಮದ್ದು ಪ್ರಯೋಗದಲ್ಲಿ ರೋಗಿಯ ಖರ್ಚಿಲ್ಲದೆ ದೊರೆಯುತ್ತದೆ ಎಂದಾದರೆ ಕಾರ್ಖಾನೆ ಕಾರ್ಮಿಕನ ಕುಟುಂಬ ಅಪಾಯದ ಪುಟವನ್ನು ಓದೀತೇ? ಹಣದ ಆಮಿಷ ಒಡ್ಡಬಾರದೆಂದು ನಿಯಮ ಹೇಳುತ್ತದೆ. ಬೇರೆ ದಾರಿಯೇ ಇಲ್ಲದಿರುವುದನ್ನು ಆಮಿಷವೆಂದು ಅದು ಎಣಿಸಿಲ್ಲ.

ಉತ್ತಮ ಪ್ರಯೋಗ ಪದ್ಧತಿಯ ಕುರಿತು 1996ರಲ್ಲಿ ರೂಪುಗೊಂಡ ಅಂತರರಾಷ್ಟ್ರೀಯ ಮಾರ್ಗಸೂಚಿ ಸುಲಭವಾಗಿ ಒತ್ತಡಕ್ಕೆ ಸಿಲುಕಬಲ್ಲವರನ್ನು ಪಟ್ಟಿ ಮಾಡಿತ್ತು. ವಾಸಿಯಾಗದ ಕಾಯಿಲೆಯುಳ್ಳವರು, ನಿರುದ್ಯೋಗಿಗಳು, ಬಡವರು ಅದರಲ್ಲಿದ್ದರು. ಅವರ ಜತೆಗೆ ಔಷಧ ಕಂಪನಿಗಳ ನೌಕರರೂ ಇದ್ದರು ಎಂಬುದು ಹೆಬ್ಬಗೋಡಿ, ಜಿಗಣಿಯವರಿಗೆ ತಿಳಿದಿರಲಿ.

ತಿರುವನಂತಪುರದ ಪಾಠ

ಇಂದಿನ ನಿಯಮಗಳು ತಾವಾಗಿ ಬಂದವಲ್ಲ. 1999-2000ದಲ್ಲಿ ತಿರುವನಂತಪುರದ ಪ್ರಾದೇಶಿಕ ಕ್ಯಾನ್ಸರ್ ಕೇಂದ್ರದಲ್ಲಿ ಬಾಯಿ ಕ್ಯಾನ್ಸರಿನ 26 ರೋಗಿಗಳಿಗೆ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಸಂಶೋಧನೆಗೆ ಸೇರಿದ ರಾಸಾಯನಿಕವನ್ನು ಚುಚ್ಚಲಾಗಿತ್ತು. ಸಮರ್ಪಕ ಸಮ್ಮತಿ ಪಡೆದಿರಲಿಲ್ಲವೆಂಬ ವಿಷಯ 2001ರಲ್ಲಿ ಬಯಲಾಗಿ ದೊಡ್ಡ ವಿವಾದವಾಯಿತು. ಸಂಶೋಧಕಿ ತನ್ನ ವಿಶ್ವವಿದ್ಯಾಲಯದ ಅನುಮತಿಯನ್ನೇ ಪಡೆದಿರಲಿಲ್ಲವೆಂದು ಅಲ್ಲಿನ ತನಿಖೆ ಹೇಳಿತು.

ಮುಂದೆ 2007ರಲ್ಲಿ ಪ್ರಯೋಗಗಳ ರಾಷ್ಟ್ರೀಯ ನೋಂದಣಿ ಆರಂಭವಾಗಿ 2009ರ ಜೂನ್‌ನಿಂದ ಕಡ್ಡಾಯವಾಯಿತು. ಸ್ವಾಸ್ಥ್ಯ ಅಧಿಕಾರ ಮಂಚ್ ಸಂಘಟನೆಯ ಅರ್ಜಿಯ ವಿಚಾರಣೆಯಲ್ಲಿ ಸುಪ್ರೀಂ ಕೋರ್ಟ್ 2013ರಲ್ಲಿ ಸಮ್ಮತಿಯ ಪ್ರಕ್ರಿಯೆಯನ್ನು ವಿಡಿಯೊದಲ್ಲಿ ದಾಖಲಿಸಬೇಕೆಂದಿತು. 2015ರಲ್ಲಿ ಸರ್ಕಾರ ಅದನ್ನು ಹೊಸ ರಾಸಾಯನಿಕ ಅಥವಾ ಅಣುಗಳ ಪ್ರಯೋಗದಲ್ಲಿ ದುರ್ಬಲ ಸ್ಥಿತಿಯಲ್ಲಿರುವವರಿಗೆ ಸೀಮಿತಗೊಳಿಸಿತು. 2019ರ ಮಾರ್ಚ್‌ನಲ್ಲಿ ಬಂದ ‘ಹೊಸ ಔಷಧಗಳು ಮತ್ತು ಕ್ಲಿನಿಕಲ್ ಟ್ರಯಲ್ ನಿಯಮಗಳು’ ಈಗ ಜಾರಿಯಲ್ಲಿವೆ. ಅದರಂತೆ ಪ್ರತಿ ಪ್ರಯೋಗಕ್ಕೂ ಎಥಿಕ್ಸ್ ಕಮಿಟಿಯ ಒಪ್ಪಿಗೆ ಬೇಕು. ಕನಿಷ್ಠ ಏಳು ಮಂದಿಯ ಆ ಸಮಿತಿಯಲ್ಲಿ ವೈದ್ಯರಲ್ಲದ ಸಾಮಾನ್ಯರೊಬ್ಬರು, ಕಾನೂನು ತಜ್ಞರು, ಮಹಿಳೆ ಇರಲೇಬೇಕು. ಕ್ಯಾಮೆರಾದ ಮುಂದೆ ರೋಗಿ ಇನ್ನಷ್ಟು ಬಿಗಿಯಾಗಿ ಕೂತು ಎಲ್ಲಕ್ಕೂ ಹೂಂಗುಡುತ್ತಾನೆ ಎಂಬ ಆಕ್ಷೇಪವಿದೆ. ಅದು ಇದ್ದದ್ದೇ. ಆದರೂ ಹತ್ತು ನಿಮಿಷದ ಮಾತನ್ನು ಎರಡು ನಿಮಿಷಕ್ಕೆ ಮುಗಿಸಿದ್ದರೆ ಅದಾದರೂ ದಾಖಲೆಯಲ್ಲಿ ಉಳಿಯುತ್ತದೆ.

ಪರಿಹಾರದ ಲೆಕ್ಕ

ಪ್ರಯೋಗದಿಂದ ತೊಂದರೆಯಾದರೆ ವೈದ್ಯಕೀಯ ಆರೈಕೆ ಉಚಿತ, ಸಾವು ಸಂಭವಿಸಿದರೆ ಕುಟುಂಬಕ್ಕೆ ಪರಿಹಾರ ಎಂಬುದನ್ನು ಎಲ್ಲ ಸಮ್ಮತಿ ಪತ್ರಗಳೂ ಹೇಳುತ್ತವೆ. ಎಷ್ಟು ಎಂಬುದನ್ನು ಬಾಯಿಬಿಟ್ಟು ಹೇಳುವವರು ಕಡಿಮೆ. ಲೆಕ್ಕದ ಮೂಲ ಮೊತ್ತ 8 ಲಕ್ಷ ರೂಪಾಯಿ. ಇದನ್ನು ವಯಸ್ಸಿನ ಅಂಶ ಹಾಗೂ ಕಾಯಿಲೆಯ ಅಂಶದಿಂದ ಗುಣಿಸಿ 99.37ರಿಂದ ಭಾಗಿಸಲಾಗುತ್ತದೆ. ಕಾಯಿಲೆಯ ಅಂಶ ಆರೋಗ್ಯವಂತರಿಗೆ 4, ಆರು ತಿಂಗಳಿಗಿಂತ ಹೆಚ್ಚು ಬದುಕುವ ನಿರೀಕ್ಷೆಯಿಲ್ಲದವರಿಗೆ 0.5. ಅಂದರೆ 65 ವರ್ಷದ ಆರೋಗ್ಯವಂತ ಸ್ವಯಂಸೇವಕ ಸತ್ತರೆ 32 ಲಕ್ಷ, ಅದೇ ವಯಸ್ಸಿನ ಕೊನೆಯ ಹಂತದ ಕ್ಯಾನ್ಸರ್ ರೋಗಿ ಸತ್ತರೆ 4 ಲಕ್ಷ. ತಿಂಗಳೊಳಗೆ ಸಾಯುವ ಸಂಭವ ಶೇ. 90 ಅಥವಾ ಹೆಚ್ಚಿದ್ದವರಿಗೆ 2 ಲಕ್ಷ ಮಾತ್ರ. ಇದರ ಹಿಂದೆ ತರ್ಕವಿಲ್ಲವೆಂದಲ್ಲ. ಆದರೆ ಸಮ್ಮತಿ ಪತ್ರದಲ್ಲಿ ವಾರ್ಷಿಕ ಆದಾಯ, ನಾಮನಿರ್ದೇಶಿತರ ಹೆಸರು ಬರೆಯುವಾಗಲೇ ಈ ಸಂಖ್ಯೆಯನ್ನೂ ತಿಳಿಯುವ ಹಕ್ಕು ಮನೆಯವರಿಗಿದೆ.

ಕೇಳಲು ಹಿಂಜರಿಯಬೇಡಿ

ಪ್ರಯೋಗವನ್ನು ಯಾರು ನಡೆಸುತ್ತಿದ್ದಾರೆ, ರೋಗಿಯನ್ನು ಸೇರಿಸಿದ್ದಕ್ಕೆ ಆಸ್ಪತ್ರೆಗಾಗಲಿ ವೈದ್ಯರಿಗಾಗಲಿ ಕಂಪನಿ ಹಣ ಕೊಡುತ್ತದೆಯೇ ಎಂದು ಕೇಳುವುದು ಒರಟುತನವಲ್ಲ. ಕಂಪನಿಯ ಹಣವಿದ್ದಮಾತ್ರಕ್ಕೆ ಪ್ರಯೋಗ ಕೆಟ್ಟದ್ದೂ ಅಲ್ಲ. ಕೆಲವು ಪ್ರಶ್ನೆಗಳನ್ನು ಮಾತ್ರ ಕಂಪನಿಗಳು ಕೇಳುವುದಿಲ್ಲ. ದುಬಾರಿ ನಿವೊಲುಮಾಬ್ ಔಷಧವನ್ನು ರೂಢಿಯ ಪ್ರಮಾಣದ ಹತ್ತರಲ್ಲಿ ಒಂದು ಪಾಲಿಗಿಂತ ಕಡಿಮೆ, ಕೇವಲ 20 ಮಿಲಿಗ್ರಾಂ ಕೊಟ್ಟರೆ ಸಾಕೇ ಎಂದು ಪರೀಕ್ಷಿಸಿದ್ದು ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯ ವೈದ್ಯರು. ತಲೆ ಮತ್ತು ಕುತ್ತಿಗೆ ಕ್ಯಾನ್ಸರಿನ 151 ರೋಗಿಗಳ ಆ ಪ್ರಯೋಗದಲ್ಲಿ ಒಂದು ವರ್ಷ ಬದುಕುಳಿದವರ ಪ್ರಮಾಣ ಶೇ. 16.3ರಿಂದ 43.4ಕ್ಕೆ ಏರಿತು. ಬಡ ರೋಗಿಗಳಿಗೆ ಉಪಯೋಗವಾಗುವ ಇಂಥ ಉತ್ತರ ಸಿಕ್ಕಿದ್ದು ಆ 151 ಮಂದಿ ಒಪ್ಪಿದ್ದರಿಂದ.

ನೋಂದಣಿ ಸಂಖ್ಯೆಯನ್ನು ಕೇಳಿ ಬರೆದುಕೊಂಡರೆ ರಾಷ್ಟ್ರೀಯ ನೋಂದಣಿಯಲ್ಲಿ ಪ್ರಯೋಗದ ವಿವರ ನೋಡಬಹುದು. ಇಂಗ್ಲಿಷ್ ಬಲ್ಲ ಮಗನೋ ಮಗಳೋ ಓದಿ ಹೇಳಬೇಕಾಗುತ್ತದೆ. ಹೆಚ್ಚುವರಿ ಸ್ಕ್ಯಾನ್‌ಗೆ, ಊರಿನಿಂದ ಬಂದುಹೋಗುವ ಬಸ್ಸು, ರೈಲಿಗೆ ಹಣ ಯಾರದು, ಪ್ರಯೋಗ ಮುಗಿದ ಮೇಲೆ ಔಷಧ ಫಲ ಕೊಟ್ಟಿದ್ದರೆ ಮುಂದೆಯೂ ಸಿಗುತ್ತದೆಯೇ ಎಂಬುದನ್ನು ಮೊದಲೇ ಕೇಳಬೇಕು. ಸಹಿ ಹಾಕಿದ ಪತ್ರದ ಒಂದು ಪ್ರತಿ ರೋಗಿಯ ಕೈಯಲ್ಲಿರಬೇಕು. ಎಥಿಕ್ಸ್ ಕಮಿಟಿಯನ್ನು ಸಂಪರ್ಕಿಸುವ ವಿವರ ಅದರಲ್ಲಿರುತ್ತದೆ.

ಒಪ್ಪಿ ಸೇರಿದ ಮೇಲೂ ಯಾವ ದಿನ ಬೇಕಾದರೂ, ಕಾರಣ ಹೇಳದೆ ಹೊರಬರಬಹುದು. ಹಾಗೆ ಹೊರಬಂದವರಿಗೆ, ಮೊದಲೇ ಬೇಡವೆಂದವರಿಗೆ ಅದೇ ಆಸ್ಪತ್ರೆಯ ಮಾಮೂಲು ಚಿಕಿತ್ಸೆ ನಿಲ್ಲುವಂತಿಲ್ಲ. ಹೊರಬರುವಾಗ ವೈದ್ಯರಿಗೆ ತಿಳಿಸಿ ಬರುವುದು ಕ್ಷೇಮ, ಏಕೆಂದರೆ ಕೆಲವು ಔಷಧಗಳನ್ನು ಥಟ್ಟನೆ ನಿಲ್ಲಿಸುವಂತಿಲ್ಲ, ಕೆಲವುಗಳ ಪರಿಣಾಮವನ್ನು ಬಿಟ್ಟ ಮೇಲೂ ಕೆಲವು ವಾರ ಗಮನಿಸಬೇಕಾಗುತ್ತದೆ.